ಸಾಕ್ಷಿ ಹೇಳಲು ಎದ್ದು ನಿಲ್ಲದವರು

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳ ಮನೆ ಪ್ರಾರ್ಥನೆಗಳಲ್ಲಿ ಹಾಡುಗಳು ಮುಗಿದ ಮೇಲೆ ಸಾಕ್ಷಿಗೆಂದು ಸ್ವಲ್ಪ ಸಮಯ ಕೊಡುವುದು ರೂಢಿ. ಮಗನಿಗೆ ವೈಟ್‌ಫೀಲ್ಡಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮಗಳ ವೀಸಾ ಎರಡನೆಯ ಸಲಕ್ಕೆ ಆಯಿತು, ಸ್ಕ್ಯಾನಿಂಗ್‌ನಲ್ಲಿ ಕಂಡಿದ್ದ ಗಂಟು ಭಯಪಡುವಂಥದ್ದಲ್ಲವೆಂದು ವರದಿ ಬಂತು, ಬಿ ಖಾತಾದಲ್ಲಿ ಸಿಕ್ಕಿಕೊಂಡಿದ್ದ ಸೈಟಿನ ತೊಡಕು ಅಂತೂ ಬಗೆಹರಿಯಿತು ಎಂದು ಒಬ್ಬೊಬ್ಬರೂ ಎದ್ದು ಹೇಳುತ್ತಾರೆ, ಉಳಿದವರು ‘ದೇವರಿಗೆ ಸ್ತೋತ್ರ’ ಎನ್ನುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ದೇವರು ತನಗೆ ಮಾಡಿದ್ದನ್ನು ಹೇಳುತ್ತೇನೆ, ಬಂದು ಕೇಳಿರಿ ಎಂದು ಬೈಬಲಿನ 66ನೆಯ ಕೀರ್ತನೆಯೇ ಭಕ್ತರನ್ನು ಕರೆಯುತ್ತದೆ. ಪಡೆದದ್ದನ್ನು ಬಾಯಿಬಿಟ್ಟು ಹೇಳದವರು ಬೇಗನೆ ಅದನ್ನು ತಮ್ಮ ಜಾಣ್ಮೆಯ ಫಲವೆಂದು ತಿಳಿಯತೊಡಗುತ್ತಾರೆ. ಆದರೆ ಅದೇ ಹಾಲಿನಲ್ಲಿ, ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲೋ ಚಾಪೆಯ ಅಂಚಿನಲ್ಲೋ, ಅಷ್ಟೇ ಪ್ರಾರ್ಥಿಸಿ, ಅಷ್ಟೇ ಉಪವಾಸವಿದ್ದು, ಕೇಳಿದ್ದು ಸಿಗದೆ ಕುಳಿತವರೂ ಇರುತ್ತಾರೆ. ಅವರು ಏಳುವುದಿಲ್ಲ. ಎದ್ದರೆ ಏನು ಹೇಳಬೇಕೆಂಬುದಕ್ಕೆ ನಮ್ಮಲ್ಲಿ ಮಾತುಗಳೇ ಇಲ್ಲ. ದೇವರಲ್ಲಿ ಭರವಸೆ ಇಡುವುದೆಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಮೊದಲು ಕೈತೋರಿಸುವುದು ಹೀಗೆ ಕುಳಿತೇ ಉಳಿದವರ ಕಡೆಗೆ.

ಬೈಬಲಿನ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯ ನಮ್ಮ ನೆನಪಿನಲ್ಲಿ ಉಳಿದಿರುವುದು ಯೇಸುವಿನ ಶಿಷ್ಯ ಪೇತ್ರನ ಬಿಡುಗಡೆಯ ಕಥೆಯಾಗಿ. ಅರಸನಾದ ಹೆರೋದನು ಪೇತ್ರನನ್ನು ಸೆರೆಗೆ ಹಾಕಿಸಿ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡಗಳನ್ನು ಕಾವಲಿಗಿಟ್ಟಿದ್ದ. ಸಭೆಯವರು ಅವನಿಗಾಗಿ ಎಡೆಬಿಡದೆ ಪ್ರಾರ್ಥಿಸುತ್ತಿದ್ದರು. ರಾತ್ರಿ ದೂತನು ಬಂದು ತಟ್ಟಿ ಎಬ್ಬಿಸಿದ, ಸರಪಣಿಗಳು ಕಳಚಿ ಬಿದ್ದವು, ಪಟ್ಟಣದ ಕಡೆಗಿದ್ದ ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯಿತು. ಪೇತ್ರ ನೇರವಾಗಿ ಹೋದದ್ದು ಮಾರ್ಕನ ತಾಯಿ ಮರಿಯಳ ಮನೆಗೆ, ಅಂದರೆ ಮನೆ ಪ್ರಾರ್ಥನೆ ನಡೆಯುತ್ತಿದ್ದ ಜಾಗಕ್ಕೆ. ರೋದೆ ಎಂಬ ಕೆಲಸದ ಹುಡುಗಿ ಅವನ ಧ್ವನಿಯನ್ನು ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದಳು. ಪೇತ್ರನಿಗಾಗಿಯೇ ಪ್ರಾರ್ಥಿಸಲು ಕುಳಿತಿದ್ದವರು ಅವಳಿಗೆ ಹುಚ್ಚು ಹಿಡಿದಿದೆ ಎಂದರು. ಪ್ರಾರ್ಥನೆ ಫಲಿಸಲಿಲ್ಲವೆಂದರೆ ಕೇಳಿದವರ ನಂಬಿಕೆ ಸಾಲದಾಯಿತು ಎಂದು ಸಲೀಸಾಗಿ ತೀರ್ಪು ಕೊಡುವವರು ಈ ಭಾಗವನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು. ಕೇಳಿದ್ದು ಬಾಗಿಲು ತಟ್ಟುತ್ತಿದ್ದಾಗಲೂ ಆ ಮನೆಯವರು ಅದನ್ನು ನಂಬಿರಲಿಲ್ಲ, ಆದರೂ ಪೇತ್ರ ಹೊರಗೆ ನಿಂತಿದ್ದ.

ಇಷ್ಟೇ ಆಗಿದ್ದರೆ ಅದು ಬಲು ಚೆಂದದ ಸಾಕ್ಷಿ. ಆದರೆ ಅದೇ ಅಧ್ಯಾಯದ ಎರಡನೆಯ ವಚನದಲ್ಲಿ, ಒಂದೇ ಒಂದು ಸಾಲಿನಲ್ಲಿ, ಅದೇ ಹೆರೋದನು ಯೇಸುವಿನ ಇನ್ನೊಬ್ಬ ಶಿಷ್ಯನೂ ಯೋಹಾನನ ಸಹೋದರನೂ ಆದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಸಂಗತಿಯಿದೆ. ಅಲ್ಲಿ ದೂತನಿಲ್ಲ, ಕಳಚಿ ಬೀಳುವ ಸರಪಣಿಯಿಲ್ಲ. ಪೇತ್ರನಿಗಾಗಿ ರಾತ್ರಿಯಿಡೀ ಕುಳಿತ ಸಭೆ ಯಾಕೋಬನಿಗಾಗಿ ಪ್ರಾರ್ಥಿಸಲಿಲ್ಲವೆಂದು ಊಹಿಸಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬನಿಗೇಕೆ ಕತ್ತಿ, ಇನ್ನೊಬ್ಬನಿಗೇಕೆ ದೂತ ಎಂಬುದಕ್ಕೆ ಈ ಗ್ರಂಥ ಬರೆದ ಲೂಕನು ಕಾರಣ ಕೊಡುವುದಿಲ್ಲ. ಕೊಡದಿರುವುದೇ ಅವನ ಪ್ರಾಮಾಣಿಕತೆ ಎಂದು ನಾನು ಎಣಿಸಿದ್ದೇನೆ. ನಮ್ಮ ಕಾಲದ ಸಾಕ್ಷಿಗಾರನೊಬ್ಬ ಈ ಅಧ್ಯಾಯವನ್ನು ಬರೆದಿದ್ದರೆ ಎರಡನೆಯ ವಚನವನ್ನು ಬಿಟ್ಟು ಮೂರರಿಂದ ಆರಂಭಿಸುತ್ತಿದ್ದನೇನೋ.

ಯಾಕೋಬನ ತಾಯಿಯ ಬಗ್ಗೆ ಯೋಚಿಸಿದಾಗ ಈ ವಚನ ಇನ್ನಷ್ಟು ಭಾರವಾಗುತ್ತದೆ. ಜೆಬೆದಾಯನ ಹೆಂಡತಿಯಾದ ಆಕೆ ಒಮ್ಮೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದು ಯೇಸುವಿನ ಮುಂದೆ ಅಡ್ಡಬಿದ್ದು, ನಿನ್ನ ರಾಜ್ಯದಲ್ಲಿ ಒಬ್ಬನು ನಿನ್ನ ಬಲಗಡೆ, ಇನ್ನೊಬ್ಬನು ಎಡಗಡೆ ಕೂತುಕೊಳ್ಳುವಂತೆ ಅಪ್ಪಣೆಯಾಗಬೇಕು ಎಂದು ಕೇಳಿಕೊಂಡಿದ್ದಳು. ಮಕ್ಕಳಿಗೆ ಒಳ್ಳೆಯ ಸ್ಥಾನ ಸಿಗಲೆಂದು ಬೇಡುವ ನಮ್ಮೂರಿನ ಯಾವ ತಾಯಿಗಿಂತಲೂ ಆಕೆ ಬೇರೆಯಲ್ಲ. ನೀವು ಏನು ಕೇಳಿಕೊಳ್ಳುತ್ತಿದ್ದೀರೋ ನಿಮಗೆ ತಿಳಿಯದು ಎಂದ ಯೇಸು, ನಾನು ಕುಡಿಯಬೇಕಾದ ಪಾತ್ರೆಯಲ್ಲಿ ಕುಡಿಯಬಲ್ಲಿರಾ ಎಂದು ಆ ಮಕ್ಕಳನ್ನೇ ಕೇಳಿದ. ಬಲ್ಲೆವು ಎಂದರು. ಹನ್ನೆರಡು ಮಂದಿ ಶಿಷ್ಯರಲ್ಲಿ ಆ ಪಾತ್ರೆಯಲ್ಲಿ, ಅಂದರೆ ಸಂಕಟ ಮರಣಗಳ ಪಾತ್ರೆಯಲ್ಲಿ, ಮೊದಲು ಕುಡಿದವನು ಯಾಕೋಬನೇ. ಪೇತ್ರನ ಬಿಡುಗಡೆಯ ಕಾಲಕ್ಕೆ ಆ ತಾಯಿ ಬದುಕಿದ್ದಳೋ ಇಲ್ಲವೋ ಗ್ರಂಥ ಹೇಳುವುದಿಲ್ಲ. ಬದುಕಿದ್ದು, ಅಂದು ಮರಿಯಳ ಮನೆಯಲ್ಲಿ ಪೇತ್ರನ ಸಾಕ್ಷಿಯನ್ನು ಕೇಳುತ್ತ ಕುಳಿತಿದ್ದರೆ ಆಕೆ ‘ದೇವರಿಗೆ ಸ್ತೋತ್ರ’ ಎಂದದ್ದು ಹೇಗಿರುತ್ತಿತ್ತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಕಾಡಲು ಕಾರಣ ನನ್ನ ಚಿಕ್ಕಮ್ಮ. ಲಿಂಗರಾಜಪುರದಲ್ಲಿ ಅವರ ಮನೆ. ಚಿಕ್ಕಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾಯಿತು. ಚಿಕ್ಕಮ್ಮನಿಗೂ ಸಕ್ಕರೆ ಇದ್ದುದರಿಂದ ಅವರ ಮೂತ್ರಪಿಂಡವನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. ಅಂಗಾಂಗ ದಾನಕ್ಕೆಂದು ರಾಜ್ಯದಲ್ಲಿರುವ ಜೀವಸಾರ್ಥಕತೆ ಸಂಸ್ಥೆಯ ಕಾಯುವವರ ಪಟ್ಟಿಗೆ ಹೆಸರು ಸೇರಿತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನಾ ವಿಷಯವಾಗಿ ಅವರ ಹೆಸರು ದಿನವೂ ಬರತೊಡಗಿತು.

ಡಯಾಲಿಸಿಸ್‌ನ ಬದುಕು ಎಂಥದ್ದೆಂದು ಹತ್ತಿರದಿಂದ ನೋಡದವರಿಗೆ ಒಂದು ಸಂಗತಿ ಹೇಳಬೇಕು. ಸೋಮವಾರ, ಬುಧವಾರ, ಶುಕ್ರವಾರ ಯಂತ್ರದ ಸರದಿಯಿದ್ದವರಿಗೆ ಶನಿವಾರ ಮತ್ತು ಭಾನುವಾರ ಸೇರಿ ದೊಡ್ಡ ಬಿಡುವು. ಆ ಬಿಡುವಿನಲ್ಲೇ ದೇಹದಲ್ಲಿ ನೀರೂ ಪೊಟ್ಯಾಸಿಯಮ್ಮೂ ಹೆಚ್ಚು ಸೇರಿಕೊಳ್ಳುವುದರಿಂದ ವೈದ್ಯರು ಆ ಎರಡು ದಿನಗಳ ಬಗ್ಗೆಯೇ ಹೆಚ್ಚು ಎಚ್ಚರಿಕೆ ಹೇಳುತ್ತಾರೆ. ಆದ್ದರಿಂದ ಚಿಕ್ಕಪ್ಪನಿಗೆ ವಾರದ ಕಷ್ಟದ ದಿನವೆಂದರೆ ಕರ್ತನ ದಿನವಾದ ಭಾನುವಾರವೇ. ಊದಿದ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಆರಾಧನೆಗೆ ಬಂದು, ದಿನಕ್ಕೆ ಇಷ್ಟೇ ಲೋಟ ನೀರೆಂಬ ಲೆಕ್ಕದಲ್ಲಿ ಕರ್ತನ ಭೋಜನದ ದ್ರಾಕ್ಷಾರಸದ ಗುಟುಕನ್ನೂ ಸೇರಿಸಿಕೊಂಡು, ‘ಇದೊಂದನ್ನು ಡಾಕ್ಟರಿಗೆ ಹೇಳಬೇಡ ಕಣೇ’ ಎಂದು ಚಿಕ್ಕಮ್ಮನ ಹತ್ತಿರ ನಗುತ್ತಿದ್ದರು.

ಆ ದಿನಗಳಲ್ಲಿ ಅವರಿಬ್ಬರೂ ಹೆಚ್ಚು ಓದುತ್ತಿದ್ದದ್ದು ವಿಮೋಚನಕಾಂಡದ 16ನೆಯ ಅಧ್ಯಾಯ. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಮನ್ನ ಎಂಬ ಆಹಾರ ದೊರೆತದ್ದು ಆ ದಿನಕ್ಕೆ ಬೇಕಾದಷ್ಟು ಮಾತ್ರ. ನಾಳೆಗೆಂದು ಎತ್ತಿಟ್ಟದ್ದು ಹುಳಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಸಬ್ಬತ್ತಿಗಾಗಿ ಎರಡರಷ್ಟು ಕೂಡಿಸಿಕೊಳ್ಳಲು ಅಪ್ಪಣೆಯಿತ್ತು. ‘ನಮ್ಮ ಶುಕ್ರವಾರದ್ದೂ ಹಾಗೆಯೇ, ಎರಡು ದಿನಕ್ಕಾಗುವಷ್ಟು’ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಈ ಹೊತ್ತಿಗೆ ಕೊಡು ಎಂದು ನಾವೆಲ್ಲ ಬಾಯಿಪಾಠವಾಗಿ ಹೇಳುತ್ತೇವೆ. ಫ್ರಿಜ್ಜಿನಲ್ಲಿ ವಾರದ ಹಿಟ್ಟು, ಬ್ಯಾಂಕಿನಲ್ಲಿ ಮುಂದಿನ ತಿಂಗಳ ಕಂತು ಇಟ್ಟುಕೊಂಡು ಹೇಳುವವರಿಗೆ ಅದು ಅರ್ಧ ಅರ್ಥವಾಗುತ್ತದೆ. 2024ರ ಬೇಸಿಗೆಯಲ್ಲಿ ನಗರದ 13,900 ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿದಾಗ, ಟ್ಯಾಂಕರಿಗೆ ಕಾದು ನಿಂತ ಅಪಾರ್ಟ್‌ಮೆಂಟಿನವರಿಗೂ ‘ಈ ಹೊತ್ತು’ ಎಂಬ ಮಾತು ಕೆಲವು ವಾರಗಳ ಮಟ್ಟಿಗೆ ಪೂರ್ತಿ ಅರ್ಥವಾಗಿತ್ತು. ಆಮೇಲೆ ಮಳೆ ಬಂತು, ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ನೀರೂ ಬಂತು, ಮರೆತೆವು. ಚಿಕ್ಕಪ್ಪನಿಗೆ ಮರೆಯುವ ಅನುಕೂಲ ಇರಲಿಲ್ಲ.

ಒಬ್ಬ ಬೋಧಕರ ವಿಷಯವನ್ನೂ ಇಲ್ಲಿ ಹೇಳಬೇಕು. ಹೊರಗಿನಿಂದ ಬಂದಿದ್ದ ಅವರು ಕೂಟವೊಂದರಲ್ಲಿ ಚಿಕ್ಕಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಈಸ್ಟರ್ ಹಬ್ಬದೊಳಗೆ ಮೂತ್ರಪಿಂಡ ಸಿಗುತ್ತದೆ, ಸಿಸ್ಟರ್, ತಾರೀಖು ಬರೆದಿಟ್ಟುಕೊಳ್ಳಿ, ಸಂದೇಹಪಡಬೇಡಿ ಎಂದರು. ಚಿಕ್ಕಮ್ಮ ಸಂದೇಹಪಡಲಿಲ್ಲ. ಈಸ್ಟರ್ ಬಂತು, ಹೋಯಿತು. ಮಳೆಗಾಲದಲ್ಲಿ ಒಂದು ಸೋಮವಾರ ಬೆಳಗ್ಗೆ, ಆಟೋ ಬರುವ ಮೊದಲೇ, ಚಿಕ್ಕಪ್ಪ ತೀರಿಕೊಂಡರು. ತಾರೀಖು ಹೇಳಿ ಪ್ರಾರ್ಥಿಸುವವರಿಗೆ ಆ ತಾರೀಖು ಕಳೆದ ಮೇಲೆ ಒಮ್ಮೆ ಆ ಮನೆಗೆ ಬಂದು ಕೂರುವ ಅಭ್ಯಾಸವೂ ಇರಬೇಕಿತ್ತು. ಅವರು ಬರಲಿಲ್ಲ. ಬಂದಿದ್ದವರಲ್ಲೊಬ್ಬರು, ಪಾಪ, ಸಮಾಧಾನ ಹೇಳುವ ಉದ್ದೇಶದಿಂದಲೇ, ಎಲ್ಲೋ ನಮ್ಮ ನಂಬಿಕೆಯಲ್ಲೇ ಸ್ವಲ್ಪ ಕೊರತೆಯಾಗಿರಬೇಕು ಎಂದರು.

ಇಂಥ ಮಾತಿಗೆ ಉತ್ತರ ಹೊರಗಿನವರಿಂದ ಬರಬೇಕಾಗಿಲ್ಲ, ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲೇ ಇದೆ. ಅವನ ಮೈಮೇಲಿನ ವಸ್ತ್ರಗಳನ್ನು ತಂದು ಹಾಕಿದರೆ ರೋಗಿಗಳಿಗೆ ಗುಣವಾಗುತ್ತಿತ್ತೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪೌಲ, ಸಾಯುವ ಹಾಗಿದ್ದ ತನ್ನ ಸಂಗಡಿಗ ಎಪಫ್ರೊದೀತ ಗುಣಹೊಂದಿದ್ದನ್ನು ದೇವರ ಕರುಣೆಯೆಂದು ಬರೆಯುತ್ತಾನೆ. ತಿಮೊಥೆಯನಿಗೆ ಹೊಟ್ಟೆಯ ತೊಂದರೆಗಾಗಿ, ಪದೇ ಪದೇ ಬರುವ ಅಸ್ವಸ್ಥತೆಗಾಗಿ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಸಲಹೆ ಕೊಡುತ್ತಾನೆ. ಇನ್ನೊಬ್ಬ ಸಂಗಡಿಗ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದೆನೆಂದು ಯಾವ ವಿವರಣೆಯೂ ಇಲ್ಲದೆ ತಿಳಿಸುತ್ತಾನೆ. ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆದುಬಿಡೆಂದು ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕೆಂಬ ಉತ್ತರ ಬಂತು. ಇದನ್ನೆಲ್ಲ ಒಬ್ಬನೇ ಮನುಷ್ಯ ಬರೆದದ್ದು. ಅವನ ನಂಬಿಕೆ ಎಪಫ್ರೊದೀತನ ಕಾಲಕ್ಕೆ ತುಂಬಿತ್ತು, ತ್ರೊಫಿಮನ ಹೊತ್ತಿಗೆ ಇಳಿದಿತ್ತು ಎನ್ನುವ ಧೈರ್ಯ ಯಾರಿಗಿದೆ?

ಆ ಬೋಧಕರು ಅಂದು ಆಧಾರವಾಗಿ ಓದಿದ್ದು, ದೇವರು ತನ್ನವರನ್ನು ಕೇಡಿನಿಂದ ಕಾಯುವನೆಂದು ಹೇಳುವ 91ನೆಯ ಕೀರ್ತನೆ. ಕೊರೊನಾ ಕಾಲದಲ್ಲಿ ನಮ್ಮೆಲ್ಲರ ಫೋನುಗಳಲ್ಲಿ ಹರಿದಾಡಿದ್ದೂ ಅದೇ. ಎಷ್ಟೋ ಮನೆಗಳ ಬಾಗಿಲ ಮೇಲಿರುವುದೂ ಅದೇ. ಅದು ಅಮೂಲ್ಯವಾದ ಕೀರ್ತನೆ, ಭಯದ ರಾತ್ರಿಗಳಲ್ಲಿ ನಾನೂ ಅದನ್ನೇ ತೆರೆಯುತ್ತೇನೆ. ಆದರೆ ಸುವಾರ್ತೆಗಳಲ್ಲಿ ಆ ಕೀರ್ತನೆಯನ್ನು ಉಲ್ಲೇಖಿಸುವವನು ಸೈತಾನ ಎಂಬುದನ್ನು ನಾವು ನೆನಪಿಟ್ಟಿರಬೇಕು. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ದುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎನ್ನುತ್ತಾನೆ. ವಾಗ್ದಾನ ನಿಜ, ವಚನವೂ ನಿಜ. ಆದರೆ ದೇವರನ್ನು ಒಂದು ತಾರೀಖಿಗೆ, ಒಂದು ಫಲಿತಾಂಶಕ್ಕೆ ಕಟ್ಟಿಹಾಕಿ, ಈಗ ಮಾಡಿ ತೋರಿಸು ಎನ್ನುವುದು ಭರವಸೆಯ ವೇಷದಲ್ಲಿ ಬಂದ ಪರೀಕ್ಷೆ; ಯೇಸು ಅದನ್ನು, ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಮಾತಿನಿಂದ ತಳ್ಳಿಹಾಕಿದ.

ಹೀಗೆಂದರೆ ಕೇಳುವುದೇ ಬೇಡವೆಂದಲ್ಲ, ಕೈಕಟ್ಟಿ ಕೂರಬೇಕೆಂದೂ ಅಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ವೈರಿಗಳ ಸಂಚು ತಿಳಿದ ನೆಹೆಮೀಯನು ದೇವರನ್ನು ಪ್ರಾರ್ಥಿಸಿ, ಹಗಲಿರುಳು ಕಾವಲನ್ನೂ ಇಟ್ಟೆವೆಂದು ಒಂದೇ ಉಸಿರಿನಲ್ಲಿ ಬರೆಯುತ್ತಾನೆ. ಈ ನಗರದ ಕ್ರೈಸ್ತರೂ ಹಾಗೆಯೇ ನಡೆದುಕೊಂಡವರು: 1886ರಲ್ಲಿ ಸೇಂಟ್ ಮಾರ್ಥಾಸ್, 1963ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, 1973ರಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಹುಟ್ಟಿಕೊಂಡದ್ದು ಪ್ರಾರ್ಥಿಸುವವರ ಕೈಗಳಿಂದಲೇ. ಔಷಧ ಬಿಟ್ಟರೆ ನಂಬಿಕೆ ಹೆಚ್ಚೆಂದು ಯಾರಾದರೂ ಹೇಳಿದರೆ ಎದ್ದು ಬರುವುದೇ ಸರಿ.

ಕೇಳುವುದು ಮತ್ತು ಪಡೆಯುವುದರ ನಡುವೆ ಏನಿದೆ ಎಂಬುದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರ ಚಾಲ್ತಿಯಲ್ಲಿದೆ: ದೇವರು ಎಲ್ಲ ಪ್ರಾರ್ಥನೆಗಳಿಗೂ ಉತ್ತರ ಕೊಡುತ್ತಾನೆ, ಆಗಲಿ ಎನ್ನುತ್ತಾನೆ, ಬೇಡ ಎನ್ನುತ್ತಾನೆ, ಇಲ್ಲವೇ ಕಾದಿರು ಎನ್ನುತ್ತಾನೆ ಎಂದು. ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಿಕೊಡಲು ಇದು ಸುಲಭ. ನನಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಏನೇ ನಡೆದರೂ ಈ ಮೂರರಲ್ಲೊಂದು ಅದಕ್ಕೆ ಹೊಂದಿಬಿಡುವುದರಿಂದ, ಹೇಳಿದವರಿಗೆ ಎಂದೂ ಕಸಿವಿಸಿಯಾಗುವುದಿಲ್ಲ, ಕೇಳಿದವರ ದುಃಖ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರಾರ್ಥನೆಯನ್ನು ಸರ್ಕಾರಿ ಕಚೇರಿಗೆ ಕೊಟ್ಟ ಅರ್ಜಿಯ ಹಾಗೆ ಕಂಡಾಗಲೇ ಮಂಜೂರಾಯಿತು, ತಿರಸ್ಕೃತವಾಯಿತು, ಬಾಕಿ ಇದೆ ಎಂಬ ವಿಂಗಡಣೆ ನಮಗೆ ಬೇಕೆನಿಸುವುದು.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆ ಈ ವಿಂಗಡಣೆಗೆ ಸಿಗುವುದಿಲ್ಲ. ಪಾತ್ರೆಯನ್ನು ತನ್ನಿಂದ ತೊಲಗಿಸೆಂದು ಯೇಸು ಕೇಳಿದ. ಆದರೂ ನಿನ್ನ ಚಿತ್ತವೇ ಆಗಲಿ ಎಂದ. ಪಾತ್ರೆ ತೊಲಗಲಿಲ್ಲ. ನಮ್ಮ ಲೆಕ್ಕದಲ್ಲಿ ಇದು ನೆರವೇರದ ಪ್ರಾರ್ಥನೆ. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ಅದನ್ನು ಬೇರೆಯಾಗಿಯೇ ಹೇಳುತ್ತದೆ: ಮರಣದಿಂದ ತಪ್ಪಿಸಲು ಶಕ್ತನಾಗಿರುವಾತನಿಗೆ ಆತನು ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದನು, ಮತ್ತು ಆತನ ಭಯಭಕ್ತಿಯ ನಿಮಿತ್ತ ಆ ಪ್ರಾರ್ಥನೆ ಕೇಳಲ್ಪಟ್ಟಿತು. ಮರುದಿನ ಶಿಲುಬೆಗೇರಿದವನ ಪ್ರಾರ್ಥನೆ ಕೇಳಲ್ಪಟ್ಟಿತಂತೆ! ಪುನರುತ್ಥಾನದಲ್ಲಿ ಅದು ಕೇಳಲ್ಪಟ್ಟಿತೆಂದು ದೇವಶಾಸ್ತ್ರಜ್ಞರು ವಿವರಿಸುತ್ತಾರೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮೂರನೆಯ ದಿನದ ಬೆಳಗು ಶುಕ್ರವಾರದ ಮಧ್ಯಾಹ್ನವನ್ನು ಅಳಿಸುವುದಿಲ್ಲ. ಕೇಳಿಸಿಕೊಂಡ ತಂದೆ ಅಂದೇ ಪಾತ್ರೆಯನ್ನು ತೆಗೆಯಲಿಲ್ಲ, ಕೇಳಿದ ಮಗ ತಂದೆಯನ್ನು ಬಿಡಲಿಲ್ಲ. ಶಿಲುಬೆಯ ಮೇಲೆಯೂ ಏಕೆ ಕೈಬಿಟ್ಟೆ ಎಂದು ಕೂಗಿದ್ದು ‘ನನ್ನ ದೇವರೇ’ ಎಂದು ಕರೆದೇ. ಭರವಸೆ ಎಂಬುದನ್ನು ನಾನು ಇಲ್ಲಿಯೇ ಹುಡುಕುತ್ತೇನೆ. ಏನಾಗುತ್ತದೆಂಬ ಖಾತರಿ ಅದರಲ್ಲಿಲ್ಲ, ಯಾರೊಂದಿಗೆ ಮಾತಾಡುತ್ತಿದ್ದೇನೆಂಬ ನಿಶ್ಚಯವಿದೆ.

ವಿವೇಕನಗರದ ಬಾಲಯೇಸುವಿನ ಗುಡಿಯಲ್ಲಿ ಗುರುವಾರದ ಜನವನ್ನು ನೋಡಿದವರಿಗೆ, ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಬರುವ ಎಲ್ಲ ಮತಗಳ ಜನರನ್ನು ನೋಡಿದವರಿಗೆ, ಅವರೆಲ್ಲ ಕೇಳಿದ್ದನ್ನು ಪಡೆದವರೇ ಎಂಬ ಭ್ರಮೆ ಇರಲಾರದು. ನಾವು ಪ್ರೊಟೆಸ್ಟೆಂಟರು ಹರಕೆಯ ಬಗ್ಗೆ ಸ್ವಲ್ಪ ಮೂಗು ಮುರಿಯುವುದುಂಟು. ಆದರೆ ಹರಕೆ ಫಲಿಸದಿದ್ದರೂ ಮುಂದಿನ ಗುರುವಾರ ಮತ್ತೆ ಬಂದು ಸಾಲಿನಲ್ಲಿ ನಿಲ್ಲುವವರ ಮುಂದೆ ಆ ಬಿಗುಮಾನ ನಿಲ್ಲುವುದಿಲ್ಲ.

ಚಿಕ್ಕಮ್ಮ ಈಗಲೂ ನಸುಕಿನಲ್ಲೇ ಎದ್ದು ಪ್ರಾರ್ಥಿಸುತ್ತಾರೆ. ಅವರ ಪ್ರಾರ್ಥನೆ ಬದಲಾಗಿದೆ. ಮೊದಲು ಅದರಲ್ಲಿ ಕೋರಿಕೆಗಳು ಹೆಚ್ಚಿದ್ದವು, ಈಗ ಹೆಸರುಗಳು ಹೆಚ್ಚು. ಡಯಾಲಿಸಿಸ್ ಕೊಠಡಿಯಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದವರ ಹೆಸರುಗಳನ್ನು, ಅಲ್ಲಿನ ನರ್ಸುಗಳ ಹೆಸರುಗಳನ್ನು, ಕರೆದಾಗಲೆಲ್ಲ ಬರುತ್ತಿದ್ದ ಆಟೋದವನ ಹೆಸರನ್ನು ಸಾವಕಾಶವಾಗಿ ಹೇಳುತ್ತಾರೆ. ಪ್ರತಿಯೊಬ್ಬರಿಗೂ ಏನಾಗಬೇಕೆಂದು ವಿವರಿಸುವುದಿಲ್ಲ. ಒಮ್ಮೆ ಕೇಳಿದೆ, ಚಿಕ್ಕಮ್ಮ, ಅವರಿಗೆ ಏನು ಬೇಕೆಂದು ಹೇಳುವುದಿಲ್ಲವಲ್ಲ ಎಂದು. ‘ಅವನಿಗೆ ಗೊತ್ತಿಲ್ಲವೇನೋ? ನಾನು ಹೇಳಿಕೊಟ್ಟಿದ್ದೆಲ್ಲ ಒಂದು ಸಲ ಆಯಿತಲ್ಲ’ ಎಂದರು. ಆ ಮಾತಿನಲ್ಲಿ ಮುನಿಸೂ ಇತ್ತು. ಅವರು ದೇವರ ಮೇಲೆ ಮುನಿಸಿಕೊಂಡೇ ಪ್ರಾರ್ಥಿಸುವ ದಿನಗಳೂ ಇವೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಎಷ್ಟರವರೆಗೆ ಎಂದು 13ನೆಯ ಕೀರ್ತನೆ ಎರಡೇ ವಚನಗಳಲ್ಲಿ ನಾಲ್ಕು ಸಾರಿ ಕೇಳುತ್ತದಲ್ಲ, ಅದೇ ಧಾಟಿ.

ನಮ್ಮ ಬಡಾವಣೆಯ ಶುಕ್ರವಾರದ ಕೂಟದಲ್ಲಿ ಪ್ರಾರ್ಥನಾ ವಿಷಯಗಳನ್ನು ಬರೆದಿಡುವ ಒಂದು ನೋಟ್ ಪುಸ್ತಕವಿದೆ. ನೆರವೇರಿದ್ದಕ್ಕೆ ಗುರುತು ಹಾಕುತ್ತಿದ್ದರು. ನೆರವೇರದವು ಕೆಲವು ತಿಂಗಳಾದ ಮೇಲೆ ಹೊಸ ಪುಟಕ್ಕೆ ಬರುವಾಗ ಸದ್ದಿಲ್ಲದೆ ಬಿಟ್ಟುಹೋಗುತ್ತಿದ್ದವು. ಇದನ್ನು ಗಮನಿಸಿ ಹೇಳಿದವರು ಚಿಕ್ಕಮ್ಮನೇ. ಈಗ ಯಾವ ಹೆಸರನ್ನೂ ಬಿಡುವುದಿಲ್ಲ, ಮತ್ತು ಸಾಕ್ಷಿಯ ಸಮಯದಲ್ಲಿ ಯಾರಾದರೊಬ್ಬರು ಮೊರೆಯ ಕೀರ್ತನೆಯೊಂದನ್ನು ಓದುತ್ತಾರೆ. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಅಂಥವೇ ಇರುವುದರಿಂದ ಸದ್ಯಕ್ಕೆ ಮುಗಿಯುವ ಚಿಂತೆಯಿಲ್ಲ. ಹಿರಿಯರೊಬ್ಬರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. 88ನೆಯ ಕೀರ್ತನೆ ಓದಿದ ದಿನ, ಕತ್ತಲೆಯಲ್ಲೇ ಮುಗಿಯುವ ಇಂಥದ್ದನ್ನು ಓದಿದರೆ ಹೊಸದಾಗಿ ಬಂದವರು ನಮ್ಮ ದೇವರ ಬಗ್ಗೆ ಏನೆಂದುಕೊಂಡಾರು ಎಂದು ಕೇಳಿದರು. ಆ ಕಾಳಜಿ ಸುಳ್ಳಲ್ಲ. ಆದರೆ ಕೀರ್ತನೆಗಳನ್ನು ಒಟ್ಟುಗೂಡಿಸಿದವರಿಗೆ ಆ ಅಂಜಿಕೆ ಇರಲಿಲ್ಲ. ಅವರು 88ನ್ನು ತೆಗೆದುಹಾಕಲಿಲ್ಲ, ಅದಕ್ಕೊಂದು ಸಮಾಧಾನದ ಕೊನೆಯನ್ನೂ ಜೋಡಿಸಲಿಲ್ಲ. ಯೆಹೋವನ ಕೃಪಾತಿಶಯವನ್ನು ಸದಾ ಹಾಡುವೆನೆಂದು ಆರಂಭವಾಗುವ 89ನ್ನು ಅದರ ಪಕ್ಕದಲ್ಲಿಟ್ಟರು. ಅದೂ ಹಾಡುತ್ತ ಹಾಡುತ್ತ ಕೊನೆಯ ಭಾಗಕ್ಕೆ ಬಂದಾಗ, ಯೆಹೋವನೇ, ಎಷ್ಟರವರೆಗೆ ಮರೆಯಾಗಿರುವಿ ಎಂದೇ ಕೇಳುತ್ತದೆ. ಮುಂದಿನ ಶುಕ್ರವಾರ ಅದನ್ನು ಪೂರ್ತಿ ಓದಬೇಕೆಂದಿದ್ದೇವೆ, 52 ವಚನಗಳನ್ನೂ.